ತ್ಸುಬಾ: ಚಿತ್ರಕ್ಕಿಂತ ಮೊದಲು ತೂತು ನೋಡಿ

ಜಪಾನಿ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಲೋಹದ ಬಿಲ್ಲೆಯೇ ತ್ಸುಬಾ. ಅಗಲ ಸಾಮಾನ್ಯವಾಗಿ 6ರಿಂದ 8 ಸೆಂ.ಮೀ. ಅದರ ಮೇಲಿನ ಕೊಕ್ಕರೆ, ಅಲೆ, ಪೈನ್ ಮರಗಳನ್ನು ಆಮೇಲೆ ನೋಡೋಣ.

ಅಲಗಿನ ಬುಡ ತೂರುವ ನಡುವಿನ ಕಿಂಡಿ ನಕಾಗೊ-ಅನಾ. ಅದರ ತುದಿಗಳಲ್ಲಿ ತಾಮ್ರದ ಚೂರು ಕೂರಿಸಿದ್ದರೆ ಅದು ಸೆಕಿಗಾನೆ, ಅಲಗು ಅಲುಗಾಡದಿರಲೆಂದು ಮಾಡಿದ ಬಿಗಿ. ಇಂಥ ಹೊಂದಾಣಿಕೆಯ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದರೆ, ಆ ತ್ಸುಬಾ ಒಂದಕ್ಕಿಂತ ಹೆಚ್ಚು ಕತ್ತಿ ಕಂಡಿರಬಹುದು. ಪಕ್ಕದ ಸಣ್ಣ ಕಿಂಡಿಗಳು ಒರೆಯಲ್ಲಿ ಸಿಕ್ಕಿಸಿಡುವ ಕಿರುಚಾಕು, ಕೂದಲು ಸರಿಪಡಿಸುವ ಕಡ್ಡಿಗಳಿಗೆ. ಕುಶಲಕರ್ಮಿಯ ಸಹಿ ಇದ್ದರೆ ಸಾಮಾನ್ಯವಾಗಿ ನಡುಗಿಂಡಿಯ ಸುತ್ತಲಿನ ಬಯಲು ಜಾಗದಲ್ಲೇ. ಕತ್ತಿಗೆ ಜೋಡಿಸಿದ ಮೇಲೆ ವಾಷರ್‌ನಂಥ ತಗಡು ಅದನ್ನು ಮುಚ್ಚಿಬಿಡುತ್ತದೆ. ಸಹಿ ಕಂಡ ಮಾತ್ರಕ್ಕೆ ನಂಬಬೇಡಿ. ಹೆಸರಾಂತ ತ್ಸುಬಾ ಕುಶಲಕರ್ಮಿಗಳಾದ ನೊಬುಯಿಎ, ಕನೆಯಿಎ ಹೆಸರಿನ ನಕಲಿಗಳು ಧಾರಾಳವಾಗಿವೆ.

ಇನ್ನು ಬಣ್ಣ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಕೆಲವು ತ್ಸುಬಾಗಳಲ್ಲಿ ಕಾಣುವ, ಹಕ್ಕಿಯ ಗರಿಯಷ್ಟು ನಯವಾದ ನೀಲಿಗಪ್ಪು ಬಳಿದದ್ದಲ್ಲ, ಲೋಹದ್ದೇ. ತಾಮ್ರಕ್ಕೆ ಶೇ. 3ರಿಂದ 5ರಷ್ಟು ಚಿನ್ನ ಬೆರೆಸಿದರೆ ಸಿಗುವ ಮಿಶ್ರಲೋಹ ಶಕುದೋ. ಹೊಸದಾಗಿ ಉಜ್ಜಿಟ್ಟಾಗ ಅದು ಬರೀ ತಾಮ್ರದಂತೆಯೇ ಕಾಣುತ್ತದೆ. ಮೂಲಂಗಿ ತುರಿಯ ರಸ ಸವರಿ, ತಾಮ್ರದ ಲವಣಗಳಿರುವ ದ್ರಾವಣದಲ್ಲಿ ಕುದಿಸಿದಾಗ ಮೇಲ್ಮೈಯಲ್ಲಿ ತೆಳು ಆಕ್ಸೈಡ್ ಪದರ ಕಟ್ಟಿ ಕಪ್ಪೇರುತ್ತದೆ. ಅದೇ ಪಾತ್ರೆಯಲ್ಲಿ ಬರೀ ತಾಮ್ರ ಕೆಂಗಂದಾಗುತ್ತದೆ. ತಾಮ್ರದ ಜೊತೆ ಸುಮಾರು ಕಾಲುಭಾಗ ಬೆಳ್ಳಿಯಿರುವ ಮಿಶ್ರಲೋಹ ಶಿಬುಯಿಚಿ ಬೂದಿಬಣ್ಣಕ್ಕೆ ತಿರುಗುತ್ತದೆ. ಚಿನ್ನ ಇದ್ದ ಹಾಗೇ ಉಳಿಯುತ್ತದೆ. ಅಂದರೆ ಕೆತ್ತನೆ, ಜಡಿತ ಎಲ್ಲ ಮುಗಿಸಿ ಒಟ್ಟಿಗೆ ಕುದಿಸಿದರೆ ಒಂದೊಂದು ಲೋಹವೂ ತನ್ನ ಬಣ್ಣ ತಾನೇ ಪಡೆಯುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೋ, ಈ ಕೆಲಸವೆಲ್ಲ ನೀರುಪಾಲು.

ಹಿನ್ನೆಲೆಯಲ್ಲಿ ಮೀನಿನ ಮೊಟ್ಟೆಗಳಂತೆ ಸಾಲುಗಟ್ಟಿದ ಚುಕ್ಕಿಗಳಿಗೆ ನಾನಾಕೋ ಎನ್ನುತ್ತಾರೆ. ತುದಿ ಕುಳಿಯಾದ ಪಂಚ್ ಇಟ್ಟು ಒಂದೊಂದಾಗಿ ಹೊಡೆದದ್ದು. ಭೂತಗನ್ನಡಿ ಹಿಡಿದು ಸಾಲಿನ ನೇರ ನೋಡಿ, ಕೈಚಳಕ ಅಲ್ಲೇ ಗೊತ್ತಾಗುತ್ತದೆ. ಶಕುದೋ ಮೇಲೆ ನಾನಾಕೋ, ಅದರ ಮೇಲೆ ಚಿನ್ನದ ಉಬ್ಬುಗೆತ್ತನೆ: ಇದು ಕತ್ತಿಯ ಲೋಹದ ಅಲಂಕಾರ ಕೆತ್ತುತ್ತಿದ್ದ ಗೋತೋ ಮನೆತನದ ಛಾಪು. ಮೂಲಪುರುಷ ಯೂಜೋ (1440–1512) ಶೋಗನ್ (ಜಪಾನಿನ ಸೇನಾ ಆಡಳಿತಗಾರ) ಅಶಿಕಾಗಾ ಯೋಶಿಮಾಸಾನ ಆಶ್ರಯದಲ್ಲಿದ್ದವನು. ಕಬ್ಬಿಣದ ತ್ಸುಬಾಗಳ ದಾರಿಯೇ ಬೇರೆ. ಅಲ್ಲಿ ಜಾಲಂಧ್ರದಂತೆ ಕೊರೆದ ಸುಕಾಶಿ ಕೆಲಸ ಹೆಚ್ಚು.

1876ರಲ್ಲಿ ಜಪಾನಿನ ಹೊಸ ಮೀಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಗಿರಾಕಿ ಇಲ್ಲದಾದ ಕುಶಲಕರ್ಮಿಗಳು ರಫ್ತಿನ ಹೂದಾನಿ, ಡಬ್ಬಿಗಳತ್ತ ಹೊರಳಿದರು. ತ್ಸುಬಾ ಕೆತ್ತುತ್ತಿದ್ದ ಕಾನೋ ನತ್ಸುಓ (1828–1898) ಅದಕ್ಕೂ ಮೊದಲೇ ಹೊಸ ಸರ್ಕಾರದ ನಾಣ್ಯಗಳ ವಿನ್ಯಾಸಕ್ಕೆ ಕೈಹಾಕಿದ್ದ.