ಒಳಪೆಟ್ಟಿಗೆ ಮೊದಲು ತಂಪು, ಆಮೇಲೆ ಕಾವು: ನರ್ಸಿಂಗ್ ಓದುವ ಗೆಳೆಯರಿಗೆ ಟಿಪ್ಪಣಿ

ನಮ್ಮ ಬಾಗಲಕೋಟೆ ಕಡೆ ಯಾರಾದರೂ ಬಿದ್ದು ಮೈ ಕಪ್ಪುಗಟ್ಟಿದರೆ ಮನೆಯವರು ಮೊದಲು ಓಡುವುದು ಒಲೆಯ ಕಡೆ. "ಬಿಸಿ ಅರಿಶಿಣ ಹಚ್ರಿ, ಬಾವು ಇಳೀತದ" ಅನ್ನುವ ಮಾತನ್ನು ನಾವೆಲ್ಲ ಕೇಳಿಯೇ ಬೆಳೆದವರು. ಆದರೆ ಬಿದ್ದ ದಿನವೇ ಬಿಸಿ ಹಚ್ಚಿದರೆ ಬಾವು ಇನ್ನೂ ಏರಬಹುದು. ಅದೇ ಮದ್ದು ಮೂರನೇ ದಿನ ಹಿತ ಕೊಡುತ್ತದೆ. ಈ ಪಾಠದಲ್ಲಿ ನಾವು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇದನ್ನೇ.

ಮೊದಲು ಚರ್ಮದ ಒಳಗೆ ಏನಾಗುತ್ತದೆ ನೋಡೋಣ. ಒಳಪೆಟ್ಟು ಬಿದ್ದಾಗ ಮೇಲಿನ ಚರ್ಮ ಹರಿಯುವುದಿಲ್ಲ. ಅದರ ಕೆಳಗಿನ, ಕೂದಲಿಗಿಂತ ಸಣ್ಣ ರಕ್ತನಾಳಗಳು ಒಡೆಯುತ್ತವೆ. ರಕ್ತಕ್ಕೆ ಹೊರಗೆ ದಾರಿಯಿಲ್ಲ, ಹಾಗಾಗಿ ಅಲ್ಲೇ ಸೋರಿ ನಿಲ್ಲುತ್ತದೆ. ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಸುಮ್ನೆ ಕೆಂಪಾಗಿದ್ದರೆ ಒತ್ತಿದಾಗ ಬಣ್ಣ ಹೋಗಿ ಮತ್ತೆ ಬರುತ್ತದೆ. ರಕ್ತ ಸೋರಿದ್ದರೆ ಬಣ್ಣ ಕದಲುವುದಿಲ್ಲ.

ಸೋರಿದ ರಕ್ತವನ್ನು ಮ್ಯಾಕ್ರೋಫೇಜ್ ಅನ್ನುವ, ಮೈಯ ಕಸ ಗುಡಿಸುವ ಕಣಗಳು ತಿಂದು ಖಾಲಿ ಮಾಡುತ್ತವೆ. ಬಣ್ಣ ಬದಲಾಗುವುದು ಅದಕ್ಕೇ. ಮೊದಲು ಕೆಂಪು, ಆಮೇಲೆ ನೀಲಿ ಅಥವಾ ಕಪ್ಪು. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಆದಾಗ ಹಸಿರು, ಅದು ಬಿಲಿರುಬಿನ್ ಆದಾಗ ಹಳದಿ, ಉಳಿದ ಕಬ್ಬಿಣದಂಶ ಹಿಮೋಸಿಡರಿನ್ ಆಗಿ ಕಂದು. ಸಾಮಾನ್ಯವಾಗಿ 2 ವಾರದಲ್ಲಿ ಎಲ್ಲ ಮಾಸುತ್ತದೆ. ನಮ್ಮ ಮೈಬಣ್ಣದಲ್ಲಿ ಹಸಿರು, ಹಳದಿ ಅಷ್ಟು ಎದ್ದು ಕಾಣುವುದಿಲ್ಲ. ಬಣ್ಣವನ್ನೇ ನಂಬದೆ ನೋವು, ಬಾವು, ಬಿಸಿ ಇವನ್ನೂ ಮುಟ್ಟಿ ನೋಡಬೇಕು. ಬರೀ ಬಣ್ಣ ನೋಡಿ "ಇದು ಇಷ್ಟೇ ದಿನದ ಪೆಟ್ಟು" ಅಂತ ಖಚಿತವಾಗಿ ಹೇಳಲೂ ಆಗುವುದಿಲ್ಲ.

ಇನ್ನು ಮದ್ದು. ಮೊದಲ 24ರಿಂದ 48 ಗಂಟೆ ತಂಪಿನದ್ದು. ತಂಪು ತಾಗಿದರೆ ರಕ್ತನಾಳ ಸಂಕುಚಿತವಾಗುತ್ತದೆ, ಸೋರುವುದು ಕಡಿಮೆಯಾಗುತ್ತದೆ, ನೋವೂ ತಗ್ಗುತ್ತದೆ. ಹಳೆ ಧೋತರದ ತುಂಡಿನಲ್ಲಿ ಐಸ್ ಸುತ್ತಿ 10ರಿಂದ 20 ನಿಮಿಷ ಇಡಿ, ತೆಗೆಯಿರಿ, ಕೆಲವು ಗಂಟೆ ಬಿಟ್ಟು ಮತ್ತೆ ಇಡಿ. ಐಸ್ ನೇರ ಚರ್ಮಕ್ಕೆ ತಾಗಿದರೆ ಚರ್ಮವೇ ಸುಟ್ಟಂತಾಗುತ್ತದೆ. ಹೊಲದಲ್ಲಿ ಕಬ್ಬು ಕಡಿಯುವಾಗ ಪೆಟ್ಟಾದರೆ ಐಸ್ ಎಲ್ಲಿಂದ ತರುವುದು, ಅಲ್ವಾ? ಹರವಿಯ ನೀರಲ್ಲಿ ಅದ್ದಿದ ಬಟ್ಟೆ ಸಾಕು, ಅದು ಬಿಸಿಯಾದ ಹಾಗೆ ಮತ್ತೆ ಅದ್ದಬೇಕು. ಕೈಗೋ ಕಾಲಿಗೋ ಪೆಟ್ಟಾಗಿದ್ದರೆ ದಿಂಬಿನ ಮೇಲೆ, ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ ಇಡಿಸಿ.

ಎರಡು ದಿನ ಕಳೆದು ಬಾವು ಏರುವುದು ನಿಂತ ಮೇಲೆ ಕಾವು. ಈಗ ರಕ್ತನಾಳ ಹಿಗ್ಗಬೇಕು, ರಕ್ತ ಓಡಾಡಬೇಕು, ಹೆಪ್ಪುಗಟ್ಟಿದ್ದು ಕರಗಬೇಕು. ಉಪ್ಪು ಹುರಿದು ಗಂಟು ಕಟ್ಟಿ ಕೊಡುವ ಕಾವು, ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟುವುದು, ಬಿಸಿ ಅರಿಶಿಣದ ಪಟ್ಟು ಎಲ್ಲವೂ ಈ ಹಂತಕ್ಕೆ ಸೇರಿದವು. ನನ್ನ ತಿಳಿವಳಿಕೆಯಲ್ಲಿ ಇವುಗಳಲ್ಲಿ ಹೆಚ್ಚು ಕೆಲಸ ಮಾಡುವುದು ಕಾವೇ. ಅರಿಶಿಣದ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣವಿದೆ, ಆದರೆ ಅದು ಚರ್ಮ ದಾಟಿ ಒಳಗೆ ಹೋಗುವುದು ಬಹಳ ಕಡಿಮೆ. ಗಂಟನ್ನು ರೋಗಿಗೆ ಇಡುವ ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಸಕ್ಕರೆ ಕಾಯಿಲೆಯವರ ಪಾದಕ್ಕಂತೂ ಕಾವು ಬೇಡ. ಅಲ್ಲಿ ಸ್ಪರ್ಶ ಸತ್ತಿರಬಹುದು, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಅರಿಶಿಣಕ್ಕೆ ಸುಣ್ಣ ಕಲಸುವ ರೂಢಿಯನ್ನು ಬೇರೆಯಾಗಿಯೇ ಓದಿಕೊಳ್ಳಿ. ಅಂಗೈಯಲ್ಲಿ ಅರಿಶಿಣ ಹಾಕಿ ಎಲೆಯಡಿಕೆಯ ಸುಣ್ಣ ಒಂದಿಷ್ಟು ಬೆರೆಸಿ ನೀರು ತಾಗಿಸಿದರೆ ಹಳದಿ ಹೋಗಿ ಕೆಂಪು ಬರುತ್ತದೆ. ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಗಟ್ಟಿ ಕ್ಷಾರ. ಕ್ಷಾರದಲ್ಲಿ ಕರ್ಕ್ಯುಮಿನ್ ಕೆಂಪಾಗುತ್ತದೆ. ಮನೆಯಲ್ಲಿ ಕುಂಕುಮ ಮಾಡುವುದೂ ಹೀಗೆಯೇ. ಕೆಂಪಾಯಿತು ಅಂದರೆ ಮದ್ದು ಹದಕ್ಕೆ ಬಂತು ಅಂತ ಹಿರಿಯರು ಹೇಳುತ್ತಾರೆ. ನಮಗೆ ಮಾತ್ರ ಆ ಕೆಂಪು, ಚರ್ಮ ಸುಡುವ ಕ್ಷಾರ ಇಲ್ಲಿದೆ ಅನ್ನುವ ಸೂಚನೆ. ತರಚು ಗಾಯದ ಮೇಲೆ, ಕಣ್ಣಿನ ಹತ್ತಿರ, ಮಕ್ಕಳ ಮೈಗೆ ಸುಣ್ಣ ಬೇಡ. ಎಕ್ಕದ ಎಲೆ ಕಟ್ಟುವವರಿಗೂ ಎಚ್ಚರ ಹೇಳಿ, ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು.

ಎಲ್ಲಕ್ಕಿಂತ ಜಾಸ್ತಿ ಕಾಳಜಿ ನನಗೆ ತಿಕ್ಕುವುದರ ಬಗ್ಗೆ. ಗರಡಿ ಮನೆಯ ಹುಡುಗರಿಗೆ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರಿಗೆ ತೊಡೆಗೆ ಪೆಟ್ಟು ಬಿದ್ದರೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಒಡೆದ ನಾಳ ಇನ್ನೂ ಮುಚ್ಚಿರುವುದಿಲ್ಲ, ತಿಕ್ಕಿದಷ್ಟೂ ರಕ್ತ ಸೋರುತ್ತದೆ. ತೊಡೆಯ ಆಳದ ಪೆಟ್ಟಿನಲ್ಲಿ ಇನ್ನೊಂದು ಅಪಾಯವಿದೆ. ಕೆಲವರಲ್ಲಿ ಮಾಂಸಖಂಡದ ಒಳಗೆ ಎಲುಬು ಬೆಳೆಯುತ್ತದೆ. ಇದಕ್ಕೆ ಮಯೋಸೈಟಿಸ್ ಆಸಿಫಿಕನ್ಸ್ ಅನ್ನುತ್ತಾರೆ. ಹೊಸ ಪೆಟ್ಟನ್ನು ತಿಕ್ಕಿದರೆ ಆ ಸಾಧ್ಯತೆ ಹೆಚ್ಚುತ್ತದೆ. ಉಸ್ತಾದರಿಗೆ ಇದನ್ನು ಗೌರವದಿಂದ, ಕಾರಣ ಸಮೇತ ಹೇಳಿ. ಹುಡುಗರ ಮೈ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಕಾರಣ ತಿಳಿದರೆ ಕೇಳುತ್ತಾರೆ.

ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಇಲ್ಲಿ ಅದು ಬೇಡ. ಆದರೆ ಹೃದಯಕ್ಕೆಂದು ಡಾಕ್ಟರ್ ಬರೆದುಕೊಟ್ಟ ಆಸ್ಪಿರಿನ್ ಅನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು.

ಮನೆಮದ್ದು ಬಿಟ್ಟು ಆಸ್ಪತ್ರೆಗೆ ಕಳಿಸಬೇಕಾದವರು ಇವರು: ತಲೆಗೆ, ಹೊಟ್ಟೆಗೆ, ಕಣ್ಣಿಗೆ ಪೆಟ್ಟಾದವರು, ಕೀಲು ಆಡಿಸಲು, ಕಾಲೂರಲು ಆಗದವರು, ಬಾವು ಬಿಗಿದು ನೋವು ಏರುತ್ತಲೇ ಇದ್ದು ಬೆರಳು ಮರಗಟ್ಟಿದವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು. ಪೆಟ್ಟೇ ಬೀಳದೆ ಮೈಯಲ್ಲಿ ಕಪ್ಪು ಕಲೆ ಬರುತ್ತಿದ್ದರೆ, ಜೊತೆಗೆ ಜ್ವರ ಅಥವಾ ಒಸಡಲ್ಲಿ ರಕ್ತ ಇದ್ದರೆ, ಡೆಂಗಿಯಲ್ಲಿ ಆಗುವಂತೆ ಪ್ಲೇಟ್‌ಲೆಟ್ ಇಳಿದಿರಬಹುದು. ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಹೀಗೆ ಕಳಿಸುವಾಗ ಪಟ್ಟು ಹಚ್ಚಿ ಕಳಿಸಬೇಡಿ. ಅರಿಶಿಣದ ಹಳದಿ ಮೆತ್ತಿದ ಚರ್ಮದಲ್ಲಿ ಡಾಕ್ಟರ್‌ಗೆ ಪೆಟ್ಟಿನ ಬಣ್ಣವೇ ಕಾಣುವುದಿಲ್ಲ. ಬದಲಿಗೆ ಕಲೆಯ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಕಲೆ ಗೆರೆ ದಾಟಿ ಹರಡಿದ್ದರೆ ಅವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.