ಗದ್ದಲ ಮಾಡುವ ಹುಡುಗನ ಪಕ್ಕ ಹೋಗಿ ನಿಲ್ಲಿ

"ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದಲ್ಲಿ ಬಡೀರಿ ಸರ್, ನಾವೇನೂ ಕೇಳೂದಿಲ್ಲ." ಪಾಲಕರ ಸಭೆಗೆ ಬರುವ ಅಪ್ಪಂದಿರು ನಮ್ಮ ಜಮಖಂಡಿ ಕಡೆ ಈಗಲೂ ಹೀಗೆ ಹೇಳುತ್ತಾರೆ. ಶಿಕ್ಷಕರ ಮೇಲಿನ ನಂಬಿಕೆಯಿಂದ ಬರುವ ಮಾತದು. ಆದರೆ ಅಪ್ಪ ಒಪ್ಪಿದರೂ ಛಡಿ ಎತ್ತುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಛಡಿ ಬಿಟ್ಟ ಎಷ್ಟೋ ಜನ ಎಲ್ಲರೆದುರು ಹಂಗಿಸುವುದನ್ನು ಮಾತ್ರ ಬಿಟ್ಟಿಲ್ಲ. ಮಗುವಿಗೆ ಅದೂ ಪೆಟ್ಟೇ ಅಲ್ವಾ?

ನಾನೂ ಒಮ್ಮೆ ತಪ್ಪು ಮಾಡಿದೆ. ಎಂಟನೇ ತರಗತಿಯ ಹುಡುಗನೊಬ್ಬ ಮೂರು ದಿನ ಮೊದಲ ಪೀರಿಯಡ್‌ನಲ್ಲೇ ತೂಕಡಿಸಿದ. ಮೂರನೇ ದಿನ ಸಿಟ್ಟು ಬಂದು ಹೊರಗೆ ನಿಲ್ಲಿಸಿದೆ. ಗಂಟೆ ಹೊಡೆದ ಮೇಲೆ ನೋಡಿದರೆ ಅವನ ಹಿಮ್ಮಡಿಯಲ್ಲಿ ಕೆಸರು ಒಣಗಿ ಹಿಡಿದಿತ್ತು.

"ರಾತ್ರಿ ಎಲ್ಲಿ ಹೋಗಿದ್ಯೋ ತಮ್ಮಾ?"

"ಕಬ್ಬಿಗೆ ನೀರ ಹಾಯ್ಸಾಕ ಅಪ್ಪನ ಜೋಡಿ ಹೋಗಿದ್ದೆರಿ ಸರ್. ಈ ವಾರ ಕರೆಂಟ್ ರಾತ್ರಿನ ಕೊಡ್ತಾರ್ರಿ."

ಮೊದಲ ದಿನವೇ ಕೇಳಬೇಕಿತ್ತು. ಅವತ್ತು ಸಂಜೆ ಅವನ ಅಪ್ಪನ ಹತ್ತಿರ ಹೋಗಿ ಕೂತು ಮಾತಾಡಿದೆ. ಶನಿವಾರ ರಾತ್ರಿ ಬಿಟ್ಟು ಬೇರೆ ದಿನ ಕರೆದುಕೊಂಡು ಹೋಗುವುದಿಲ್ಲ ಅಂತ ಒಪ್ಪಿದರು.

ಇನ್ನು ಗದ್ದಲ. ಅದು ಜಾಸ್ತಿ ಆಗುವುದು ಬಿಸಿಯೂಟ ಮುಗಿದ ಮೇಲೆ. ನಾನು ಮಕ್ಕಳು ಕೈ ತೊಳೆದು ಬರುವ ಮುಂಚೆಯೇ ಬೋರ್ಡಿನ ಮೇಲೆ ಎರಡು ಲೆಕ್ಕ ಬರೆದಿಟ್ಟಿರುತ್ತೇನೆ. ಕೂತ ಕೂಡಲೇ ಕೈಗೆ ಕೆಲಸ ಸಿಗಬೇಕು. ಸುಮ್ನೆ ಕಾಯುತ್ತಾ ಕೂತ ಐವತ್ತು ಮಕ್ಕಳು ಮಾತಾಡದೆ ಇನ್ನೇನು ಮಾಡಬೇಕು?

ಆದರೂ ಒಂದು ಮೂಲೆಯಲ್ಲಿ ಮಾತು ಶುರುವಾಗುತ್ತದೆ. ಆಗ ಬೋರ್ಡಿನ ಹತ್ತಿರ ನಿಂತು ಕೂಗಬೇಡಿ. ಪಾಠ ಹೇಳುತ್ತಲೇ ಆ ಬೆಂಚಿನ ಪಕ್ಕ ಹೋಗಿ ನಿಲ್ಲಿ. ಅವನ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು "ಇಲ್ಲಿಂದ ಮಾಡು" ಅಂತ ಮೆಲ್ಲಗೆ ಹೇಳಿ. ಹೆಚ್ಚಿನ ಸಲ ಇಷ್ಟೇ ಸಾಕಾಗುತ್ತದೆ.

ಹಾಗೆ ನಿಂತಾಗ ನೋಟ್‌ಬುಕ್ಕನ್ನೂ ನೋಡಿ. ಪುಟ ಖಾಲಿ ಇರುತ್ತದೆ, ಇಲ್ಲವೇ ಬೋರ್ಡಿನ ಲೆಕ್ಕವನ್ನು ಇಳಿಸಿಕೊಂಡು ಅಲ್ಲಿಗೇ ನಿಲ್ಲಿಸಿರುತ್ತಾನೆ. ಭಾಗಾಕಾರ ಬಾರದ ಹುಡುಗನಿಗೆ ಬೀಜಗಣಿತ ಹೇಗೆ ಹತ್ತಬೇಕು? ಅದನ್ನು ಮುಚ್ಚಿಡಲು ಅವನಿಗೆ ಗದ್ದಲವೇ ಸುಲಭದ ದಾರಿ. ಅಂಥವನಿಗೆ ನಾನು ಐದನೇ ತರಗತಿಯ ಭಾಗಾಕಾರ ಒಂದನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ, ಪಕ್ಕದವನಿಗೆ ಕಾಣದಂತೆ ಮಡಚಿ. ಮಾಡಿ ತಂದರೆ ಮರುದಿನ ಇನ್ನೊಂದು.