ಗೆಲುವಿಗೆ ಮರ, ಸತ್ತವರಿಗೆ ಕಲ್ಲು: ಗ್ರೀಕರು ಯುದ್ಧವನ್ನು ನೆನೆದ ಬಗೆ

ಓದುಗರ ಪ್ರಶ್ನೆ: ‘ಟ್ರೋಫಿ’ ಎಂಬ ಮಾತು ಗ್ರೀಕರ ರಣರಂಗದಿಂದ ಬಂದದ್ದು, ಮೂಲದಲ್ಲಿ ಅದು ಬರೀ ಮರದ ಕಂಬ ಎಂದು ಓದಿದೆ. ಕಲ್ಲಿನಲ್ಲಿ ಅಂಥ ದೇವಾಲಯಗಳನ್ನು ಕಟ್ಟಿದ ಜನ ಗೆದ್ದ ಯುದ್ಧಕ್ಕೆ ಒಂದು ಕಂಬ ನೆಟ್ಟು ಸುಮ್ಮನಾದರೆ? ಹಾಗಾದರೆ ಯುದ್ಧದ ನೆನಪನ್ನು ಅವರು ಉಳಿಸಿಕೊಂಡದ್ದು ಹೇಗೆ?

ಉತ್ತರ: ಓದಿದ್ದು ನಿಜ. ಗ್ರೀಕ್ ಭಾಷೆಯಲ್ಲಿ ‘ಟ್ರೊಪೆ’ ಎಂದರೆ ತಿರುಗುವುದು. ಶತ್ರು ಬೆನ್ನು ತಿರುಗಿಸಿ ಓಡತೊಡಗಿದ ಜಾಗದಲ್ಲಿ ನೆಡುತ್ತಿದ್ದದ್ದು ‘ಟ್ರೊಪೈಯಾನ್’. ಕೈಗೆ ಸಿಕ್ಕಿದ ಮರದ ಬೊಡ್ಡೆಯೋ ಕಂಬವೋ ಸಾಕು. ಅದರ ತುದಿಗೆ ಸೋತವರ ಶಿರಸ್ತ್ರಾಣ, ನಡುವೆ ಎದೆಕವಚ, ಪಕ್ಕದಲ್ಲಿ ಗುರಾಣಿ, ಈಟಿ. ದೂರದಿಂದ ನೋಡಿದರೆ ಒಬ್ಬ ಯೋಧ ನಿಂತಂತೆ ಕಾಣಬೇಕು. ಕಾಳಗ ಮುಗಿದ ಕೂಡಲೇ ನಿಲ್ಲಿಸಿ ಅದನ್ನು ಜ್ಯೂಸ್ ದೇವರಿಗೆ ಅರ್ಪಿಸುತ್ತಿದ್ದರು.

ಅದು ಮಳೆಗಾಳಿಗೆ ಹಾಳಾದರೆ ಯಾರೂ ರಿಪೇರಿ ಮಾಡುತ್ತಿರಲಿಲ್ಲ. ಕಾರಣವನ್ನು ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳಿದ್ದಾನೆ: ಕಾಲವೇ ಅಳಿಸುತ್ತಿರುವ ಹಗೆಯ ಗುರುತನ್ನು ಮತ್ತೆ ಹೊಸದು ಮಾಡುವುದು ಸಣ್ಣತನ, ಕಲ್ಲಿನಲ್ಲಿ, ಕಂಚಿನಲ್ಲಿ ಇಂಥ ಗುರುತು ನಿಲ್ಲಿಸಿದ ಮೊದಲಿಗರಿಗೆ ಒಳ್ಳೆಯ ಹೆಸರೇನೂ ಬರಲಿಲ್ಲ. ಇವತ್ತು ಹೊಡೆದಾಡಿದ ಪಕ್ಕದ ಊರಿನೊಡನೆ ನಾಳೆ ಮೈತ್ರಿ ಬೇಕಾಗಬಹುದು ಎಂಬ ಲೆಕ್ಕವೂ ಇದರಲ್ಲಿ ಇದ್ದಿರಲೇಬೇಕು. ಪರ್ಷಿಯನ್ನರ ವಿಷಯದಲ್ಲಿ ಆ ಸಂಕೋಚ ಇರಲಿಲ್ಲ. ಕ್ರಿ.ಪೂ. 490ರ ಮ್ಯಾರಥಾನ್ ಗೆಲುವಿಗೆ ಅಥೆನ್ಸ್ ಕೆಲವು ದಶಕಗಳ ನಂತರ ಅಮೃತಶಿಲೆಯ ಕಂಬವನ್ನೇ ನಿಲ್ಲಿಸಿತು. ಗ್ರೀಕರ ನಡುವಿನ ಯುದ್ಧದಲ್ಲಿ ಈ ಕಟ್ಟು ಮುರಿದದ್ದಕ್ಕೆ ಕ್ರಿ.ಪೂ. 371ರ ಲ್ಯೂಕ್ಟ್ರಾ ಉದಾಹರಣೆ. ಅಲ್ಲಿ ಸ್ಪಾರ್ಟಾವನ್ನು ಸೋಲಿಸಿದ ಥೀಬ್ಸ್ ಕಲ್ಲಿನ ಸ್ಮಾರಕ ಕಟ್ಟಿತು.

ಗೆದ್ದವರು ಯಾರೆಂದು ತೀರ್ಮಾನವಾಗುತ್ತಿದ್ದದ್ದು ಹೆಣಗಳಿಂದ. ರಣರಂಗ ಯಾರ ಕೈಯಲ್ಲಿ ಉಳಿಯಿತೋ ಅವರು ಗೆದ್ದಂತೆ. ತಮ್ಮವರ ಶವ ಕೊಡಿ ಎಂದು ದೂತನನ್ನು ಕಳುಹಿಸಿದವರು ಸೋತೆವೆಂದು ಒಪ್ಪಿಕೊಂಡಂತೆ. ಕ್ರಿ.ಪೂ. 425ರಲ್ಲಿ ಕೊರಿಂತ್ ನೆಲದಲ್ಲಿ ಗೆದ್ದು ಹೊರಟಿದ್ದ ಅಥೆನ್ಸಿನ ಸೇನಾನಿ ನಿಕಿಯಾಸ್, ತನ್ನವರ ಎರಡು ಶವಗಳು ಹಿಂದೆ ಉಳಿದಿವೆ ಎಂದು ತಿಳಿದಾಗ ದೂತನನ್ನು ಕಳುಹಿಸಿ ಅವನ್ನು ಕೇಳಿ ಪಡೆದ. ಸಂಪ್ರದಾಯದ ಪ್ರಕಾರ ಇದು ಗೆಲುವನ್ನೇ ಬಿಟ್ಟುಕೊಟ್ಟಂತೆ. ಆದರೂ ಇಬ್ಬರನ್ನು ಮಣ್ಣಿಲ್ಲದೆ ಬಿಟ್ಟುಬರಲು ಅವನಿಗೆ ಮನಸ್ಸಾಗಲಿಲ್ಲ. ಈ ಪದ್ಧತಿ ಕೆಟ್ಟುಹೋದದ್ದೂ ಉಂಟು. ಕ್ರಿ.ಪೂ. 433ರಲ್ಲಿ ಸಿಬೊಟಾ ನೌಕಾಯುದ್ಧದ ನಂತರ ಎರಡೂ ಕಡೆಯವರು ತಾವೇ ಗೆದ್ದೆವೆಂದು ಒಂದೊಂದು ಕಂಬ ನೆಟ್ಟರು. ಕ್ರಿ.ಪೂ. 424ರಲ್ಲಿ ಡೀಲಿಯಮ್‌ನಲ್ಲಿ ಗೆದ್ದ, ಥೀಬ್ಸ್ ಸುತ್ತಲಿನ ಬಿಯೋಷಿಯ ಪ್ರದೇಶದವರು, ಅಥೆನ್ಸ್ ಸೇನೆ ತಮ್ಮ ದೇವಾಲಯದ ಆವರಣವನ್ನು ಹಿಡಿದು ಕೂತಿದೆ ಎಂಬ ನೆಪದಲ್ಲಿ ಶವ ಕೊಡಲಿಲ್ಲ. ಅವು ಅಥೆನ್ಸಿನವರ ಕೈಸೇರಿದ್ದು 17ನೆಯ ದಿನ.

ಕಂಬ ಕೊಳೆಯಲಿ ಎಂದು ಬಿಟ್ಟವರು ಸತ್ತವರ ವಿಷಯದಲ್ಲಿ ಮಾತ್ರ ಯಾವುದನ್ನೂ ಕಾಲಕ್ಕೆ ಬಿಡಲಿಲ್ಲ.

ಅಥೆನ್ಸಿನ ಕ್ರಮವನ್ನು ಅಲ್ಲಿನ ಇತಿಹಾಸಕಾರ ಥುಸಿಡಿಡೀಸ್ ಹಂತಹಂತವಾಗಿ ಬರೆದಿಟ್ಟಿದ್ದಾನೆ. ದೂರದ ಯುದ್ಧದಲ್ಲಿ ಸತ್ತವರನ್ನು ಅಲ್ಲೇ ಸುಟ್ಟು ಎಲುಬುಗಳನ್ನು ಊರಿಗೆ ತರುತ್ತಿದ್ದರು. ಸಂಸ್ಕಾರಕ್ಕೆ ಎರಡು ದಿನ ಮುಂಚೆ ಅವನ್ನು ಒಂದು ಡೇರೆಯಲ್ಲಿ ಇಡುವುದು; ಮನೆಯವರು ಬಂದು ತಮಗೆ ತೋಚಿದ್ದನ್ನು ತಮ್ಮವರಿಗೆ ಅರ್ಪಿಸುವುದು. ಆಮೇಲೆ ಸೈಪ್ರೆಸ್ ಮರದ ಹತ್ತು ಪೆಟ್ಟಿಗೆಗಳು, ಅಥೆನ್ಸಿನ ಹತ್ತು ಕುಲಗಳಿಗೆ ಒಂದೊಂದು, ಬಂಡಿಗಳ ಮೇಲೆ. ಸತ್ತವನ ಎಲುಬು ಅವನ ಕುಲದ ಪೆಟ್ಟಿಗೆಗೆ ಸೇರುತ್ತಿತ್ತು. ಅವುಗಳ ಜೊತೆಗೆ ಹೊದಿಕೆ ಹೊದಿಸಿದ ಒಂದು ಖಾಲಿ ಚಟ್ಟ. ದೇಹವೇ ಸಿಗದವರಿಗೆ, ಕಡಲಿನಲ್ಲಿ ಮುಳುಗಿದವರಿಗೆ ಅದು. ಊರಿನವರಾಗಲಿ ಪರಊರಿನವರಾಗಲಿ ಮೆರವಣಿಗೆಯಲ್ಲಿ ಹೋಗಬಹುದಿತ್ತು. ಗೋರಿಯ ಬಳಿ ಮನೆಯ ಹೆಂಗಸರು ಅಳುತ್ತಿದ್ದರು. ನಗರದ ಗೋಡೆಯಾಚೆ ಕೆರಮೈಕಾಸ್ ಕಡೆಯ ಸಾರ್ವಜನಿಕ ಸಮಾಧಿಯಲ್ಲಿ ಪೆಟ್ಟಿಗೆಗಳನ್ನು ಹೂಳಿದ ಮೇಲೆ, ನಗರವೇ ಆರಿಸಿದ ಒಬ್ಬ ಗಣ್ಯ ಮಾತಾಡುತ್ತಿದ್ದ. ಕ್ರಿ.ಪೂ. 431ರ ಚಳಿಗಾಲದಲ್ಲಿ ಅಥೆನ್ಸಿನ ನಾಯಕ ಪೆರಿಕ್ಲೀಸ್ ಆಡಿದ ಪ್ರಸಿದ್ಧ ಭಾಷಣ ಇಂಥದ್ದೇ. ಸತ್ತವರಲ್ಲಿ ಒಬ್ಬನ ಹೆಸರೂ ಅದರಲ್ಲಿ ಇಲ್ಲ.

ಹೆಸರುಗಳಿಗೆ ಕಲ್ಲು ಇತ್ತು. ಕುಲದ ಹೆಸರಿನ ಕೆಳಗೆ ಸತ್ತವರ ಸಾಲು. ತಂದೆಯ ಹೆಸರಿಲ್ಲ, ಊರಿನ ಹೆಸರಿಲ್ಲ. ಸಾಹುಕಾರನ ಮಗ, ದೋಣಿಗೆ ಹುಟ್ಟು ಹಾಕಿದವನು ಎಂದು ಗುರುತಿಸಲು ಬಾರದಂತೆ ಕೆತ್ತಿದ ಸಾಲು ಅದು. ಸುಮಾರು ಕ್ರಿ.ಪೂ. 460ರ ಒಂದು ಫಲಕ ಈಗ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ. ಎರೆಕ್ಥಿಯಸ್ ಕುಲದ್ದು. ಸೈಪ್ರಸ್, ಈಜಿಪ್ಟ್, ಫಿನೀಷಿಯ, ಹಾಲಿಯೈ, ಈಜಿನ, ಮೆಗಾರ ಎಂದು ಆರು ರಣರಂಗಗಳ ಹೆಸರು ಹೇಳಿ, ‘ಒಂದೇ ವರ್ಷದಲ್ಲಿ’ ಎಂದು ಸೇರಿಸಿದೆ. ಅದರ ಕೆಳಗೆ 170ಕ್ಕೂ ಹೆಚ್ಚು ಹೆಸರುಗಳು. ಹತ್ತರಲ್ಲಿ ಒಂದು ಕುಲದ ಒಂದು ವರ್ಷದ ನಷ್ಟ ಇದು. ಯಾವ ವರ್ಣನೆಯೂ ಇಲ್ಲದ ಆ ಎರಡು ಪದ ಓದುವಾಗ ಎದೆ ಭಾರವಾಗುತ್ತದೆ.

ಸತ್ತವರ ಮಕ್ಕಳನ್ನು ಪ್ರಾಯಕ್ಕೆ ಬರುವವರೆಗೆ ನಗರವೇ ಸಾಕುತ್ತಿತ್ತು. ಬೆಳೆದ ಗಂಡುಮಕ್ಕಳಿಗೆ ಡಯೊನೀಸಿಯ ಹಬ್ಬದಲ್ಲಿ, ರಂಗಮಂದಿರದ ಜನರೆದುರು, ಕವಚ ತೊಡಿಸಿ ಕಳುಹಿಸುತ್ತಿತ್ತು.

ಆದರೆ ಮ್ಯಾರಥಾನ್‌ನಲ್ಲಿ ಮಡಿದ 192 ಅಥೆನ್ಸಿಗರನ್ನು ಊರಿಗೆ ತರಲಿಲ್ಲ. ಹೋರಾಡಿದ ನೆಲದಲ್ಲೇ ಮಣ್ಣುಮಾಡಿ ದಿಬ್ಬ ಎತ್ತಿದರು. ಆ ದಿಬ್ಬ ಇಂದಿಗೂ ಇದೆ. ಆ ಯುದ್ಧಕ್ಕೆ ಮುಂಚೆ, ಕೊಂದ ಪರ್ಷಿಯನ್ನನೊಬ್ಬನಿಗೆ ಒಂದರಂತೆ ಆಡು ಕೊಡುತ್ತೇವೆಂದು ಆರ್ಟೆಮಿಸ್ ದೇವಿಗೆ ಹರಕೆ ಹೊತ್ತಿದ್ದರು. ಇತಿಹಾಸಕಾರ ಹೆರೊಡೋಟಸ್ ಕೊಡುವ ಲೆಕ್ಕದಲ್ಲಿ ಸತ್ತ ಪರ್ಷಿಯನ್ನರು 6,400; ಅಷ್ಟು ಆಡು ಎಲ್ಲಿಂದ ತರುವುದು? ಕೊನೆಗೆ ವರ್ಷಕ್ಕೆ 500ರಂತೆ ಎಂದು ಗೊತ್ತುಮಾಡಿಕೊಂಡರು. ನೂರು ವರ್ಷದ ನಂತರ ಅಥೆನ್ಸಿನ ಲೇಖಕ ಕ್ಸೆನೊಫೋನ್ ಬರೆಯುವಾಗಲೂ ಆ ಹರಕೆ ನಡೆದೇ ಇತ್ತು.

ಕಲ್ಲು ಸುಳ್ಳನ್ನೂ ಹೇಳಬಲ್ಲದು. ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಕ್ರಿ.ಪೂ. 479ರ ಪ್ಲಾಟೀಯ ಯುದ್ಧದ ಬಯಲಿನಲ್ಲಿ ಕೆಲವು ಗೋರಿಗಳು ಖಾಲಿ ಎನ್ನುತ್ತಾನೆ ಹೆರೊಡೋಟಸ್. ಹೋರಾಟಕ್ಕೆ ಬಾರದ ಊರುಗಳು ಮುಂದಿನವರು ಆಡಿಕೊಂಡಾರೆಂದು ನಾಚಿ ಬರೀ ಮಣ್ಣು ಗುಡ್ಡೆ ಹಾಕಿದವಂತೆ. ಈಜಿನದವರ ಗೋರಿಯನ್ನು ಯುದ್ಧ ಮುಗಿದು ಹತ್ತು ವರ್ಷದ ಮೇಲೆ, ಅವರ ಕೋರಿಕೆಯಂತೆ, ಪ್ಲಾಟೀಯದ ಕ್ಲಿಯಾಡೀಸ್ ಎಂಬವನು ಕಟ್ಟಿದ. ಅದೇ ಗೆಲುವಿಗಾಗಿ ಡೆಲ್ಫಿಯ ದೇವಕ್ಷೇತ್ರದಲ್ಲಿ ಹೆಣೆದುಕೊಂಡ ಮೂರು ಕಂಚಿನ ಹಾವುಗಳ ಕಂಬ ನಿಲ್ಲಿಸಿ, ಮೇಲೆ ಚಿನ್ನದ ಮುಕ್ಕಾಲಿ ಇಟ್ಟಾಗ, ಸ್ಪಾರ್ಟಾದ ದಳಪತಿ ಪೌಸಾನಿಯಾಸ್ ಗೆಲುವು ತನ್ನೊಬ್ಬನದೇ ಎಂಬಂತೆ ಸಾಲು ಕೆತ್ತಿಸಿದ. ಸ್ಪಾರ್ಟಾದವರೇ ಅದನ್ನು ಕೆರೆದು ಹಾಕಿ ಹೋರಾಡಿದ ಊರುಗಳ ಹೆಸರು ಬರೆಸಿದರು, ಒಟ್ಟು 31. ಚಿನ್ನವನ್ನು ಮುಂದೆ ಡೆಲ್ಫಿಯ ನೆರೆಯ ಫೋಕಿಸ್‌ನವರು ಯುದ್ಧದ ಖರ್ಚಿಗೆ ಕರಗಿಸಿದರು. ತಲೆಗಳನ್ನು ಕಳೆದುಕೊಂಡ ಕಂಚಿನ ಮೈ ಇಸ್ತಾಂಬುಲ್‌ನಲ್ಲಿ ನಿಂತಿದೆ.

ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ಆ ಯುದ್ಧದಲ್ಲಿ ಸತ್ತವರಿಗೆ ಪ್ಲಾಟೀಯದವರು ಪ್ರತಿವರ್ಷ ಇಡುತ್ತಿದ್ದ ಎಡೆ. ಸ್ವತಃ ಪ್ಲಾಟೀಯ ಉಳಿಯಲಿಲ್ಲ: ಕ್ರಿ.ಪೂ. 427ರಲ್ಲಿ ಅದನ್ನು ಹಿಡಿದ ಸ್ಪಾರ್ಟಾದವರ ಮುಂದೆ, ‘ನಿಮ್ಮ ಹಿರಿಯರ ಗೋರಿಗಳಿಗೆ ವರ್ಷವರ್ಷ ಬಟ್ಟೆ, ಮೊದಲ ಬೆಳೆ ಕೊಡುತ್ತಿರುವವರು ನಾವೇ’ ಎಂದು ಬೇಡಿಕೊಂಡರೂ ಕೇಳದೆ 200ಕ್ಕೂ ಕಡಿಮೆಯಿಲ್ಲದಷ್ಟು ಪ್ಲಾಟೀಯದವರನ್ನು ಕೊಂದರು, ಊರನ್ನು ನೆಲಸಮ ಮಾಡಿದರು. ಊರು ಮತ್ತೆ ಎದ್ದಿತು. ಪರ್ಷಿಯನ್ನರೊಡನೆಯ ಆ ಯುದ್ಧ ಮುಗಿದು 500ಕ್ಕೂ ಹೆಚ್ಚು ವರ್ಷಗಳಾದ ತನ್ನ ಕಾಲದಲ್ಲೂ ಆ ಆಚರಣೆ ನಡೆಯುತ್ತಿದೆ ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ಬೆಳಗಿನ ಜಾವ ಕಹಳೆಯವನು ಮುಂದೆ. ಹಿಂದೆ ಮರ್ಟಲ್ ಸೊಪ್ಪು, ಹೂಮಾಲೆ ತುಂಬಿದ ಬಂಡಿಗಳು, ಒಂದು ಕಪ್ಪು ಗೂಳಿ, ವೈನ್, ಹಾಲು, ಎಣ್ಣೆ, ಸುಗಂಧ ಹೊತ್ತ ಹುಡುಗರು. ಗುಲಾಮರು ಯಾವುದನ್ನೂ ಮುಟ್ಟುವಂತಿರಲಿಲ್ಲ. ಸತ್ತವರು ಸ್ವಾತಂತ್ರ್ಯಕ್ಕಾಗಿ ಸತ್ತವರು. ಕೊನೆಯಲ್ಲಿ ಊರಿನ ಮುಖ್ಯಾಧಿಕಾರಿ. ಉಳಿದ ದಿನ ಅವನು ಬಿಳಿ ಬಟ್ಟೆ ಬಿಟ್ಟು ಬೇರೆ ಉಡುವಂತಿಲ್ಲ, ಕಬ್ಬಿಣ ಮುಟ್ಟುವಂತಿಲ್ಲ. ಅಂದು ಮಾತ್ರ ಕೆನ್ನೀಲಿ ಅಂಗಿ, ಕೈಯಲ್ಲಿ ಕತ್ತಿ ಮತ್ತು ನೀರಿನ ಕೊಡ. ಒರತೆಯಿಂದ ನೀರು ತಂದು ಗೋರಿಯ ಕಲ್ಲುಗಳನ್ನು ತನ್ನ ಕೈಯಿಂದಲೇ ತೊಳೆದು, ಸುಗಂಧ ಸವರಿ, ಗೂಳಿಯನ್ನು ಬಲಿಕೊಟ್ಟು, ಸತ್ತವರನ್ನು ಊಟಕ್ಕೆ ಕರೆಯುತ್ತಿದ್ದ. ಆಮೇಲೆ ವೈನ್ ಬೆರೆಸಿ, ಗ್ರೀಕರ ಸ್ವಾತಂತ್ರ್ಯಕ್ಕಾಗಿ ಮಡಿದವರಿಗೆ ಇದು ಎಂದು ಹೇಳುತ್ತಿದ್ದ.